ಬನ್ನಿ ಗಿಡದ ಸಿಪ್ಪೆ ಸುಲಿದ ಬ್ರಷ್ ಕಟರ್ ಅವರ ಸನ್ನಿಧಿಗೆ

ಕಳೆ ಸವರುವ ಯಂತ್ರರಾಜ, ಮಾನ್ಯ ಬ್ರಷ್ ಕಟರ್ ಮಹೋದಯರೇ,

ಇಳಕಲ್ಲಿನ ಕೈಮಗ್ಗದ ನೇಕಾರ ಅಮರಪ್ಪನ ಸಾಷ್ಟಾಂಗ ನಮಸ್ಕಾರಗಳು. ಹಗ್ಗವನ್ನು ಹದಿನೇಳು ಸಲ ಎಳೆಸಿಕೊಂಡ ಮೇಲಷ್ಟೇ ಕಣ್ಣು ಬಿಡುವ ತಮ್ಮ ದೊಡ್ಡಸ್ತಿಕೆಗೆ ಮೊದಲು ಕೈ ಮುಗಿಯುತ್ತೇನೆ.

ನಮ್ಮ ಹಿತ್ತಿಲಲ್ಲಿ ನನ್ನ ಹೆಂಡತಿ ಶೇಖವ್ವ ಮೂರು ವರ್ಷದಿಂದ ಈ ನೆಲದ ಗಿಡಗಳನ್ನೇ ಬೆಳೆಸಿದ್ದಾಳೆ: ತುಂಬೆ, ಉತ್ತರಾಣಿ, ತಂಗಡಿ, ಮತ್ತು ತವರೂರು ಬೇವೂರಿನಿಂದ ತಂದ ಒಂದೇ ಒಂದು ಬನ್ನಿ. ನಡುವೆ ನುಗ್ಗಿದ ಕಾಂಗ್ರೆಸ್ ಕಸ ಸವರಲೆಂದು ತಮ್ಮನ್ನು ಬರಮಾಡಿಕೊಂಡೆವು. ತಾವೋ ಸಮದರ್ಶಿಗಳು. ಕಸ, ತುಂಬೆ ಎಂಬ ಭೇದವೆಣಿಸದೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದಿರಿ. ಪಕ್ಕದ ಮನೆಯ ದೌಲತಬಿ ಒಣಗಲು ಹಾಕಿದ್ದ ಹಪ್ಪಳಕ್ಕೂ ಹಸಿರು ಉದುರಿಸಿ ಉಪಕಾರ ಮಾಡಿದಿರಿ.

ಆಮೇಲೆ, ಹಿತ್ತಿಲಿನ ಗ್ರಾನೈಟ್ ಚೂರುಗಳಿಗೆ ಬಡಿದು, ಗರಗರ ತಿರುಗಿ ಕಸ ಕತ್ತರಿಸುವ ತಮ್ಮ ನೈಲಾನ್ ದಾರ ತುಂಡಾಯಿತು. ದಾರ ಹರಿದರೆ ಬಿಸಾಡುವ ರೂಢಿ ನೇಕಾರನ ಕೈಗಿಲ್ಲ. ಅಜ್ಜನ ಕಾಲದಿಂದ ಮಗ್ಗದಲ್ಲಿ ಹಾಕುವ ಗಂಟನ್ನೇ ಹಾಕಿ ನಾಲ್ಕು ತುಂಡುಗಳನ್ನು ಜೋಡಿಸಿ, ಸುತ್ತಿ, ಹೆಮ್ಮೆಯಿಂದ ತಮ್ಮನ್ನು ಚಾಲೂ ಮಾಡಿದೆ. ರೇಷ್ಮೆ ಹಿಡಿದುಕೊಳ್ಳುವ ಗಂಟನ್ನು ತಾವು ಕ್ಷಣದಲ್ಲಿ ಬಿಚ್ಚಿ, ಒಂದು ತುಂಡನ್ನು ನನ್ನ ಕಿವಿಯ ಪಕ್ಕದಲ್ಲೇ ಹಾರಿಸಿದಿರಿ. ನಾನು ಬೆಚ್ಚಿ ಹೊರಳಿದೆ. ತಾವು ಉಳಿದ ದಾರದಿಂದ ಬನ್ನಿಯ ಬುಡದ ಸಿಪ್ಪೆಯನ್ನು ಸುತ್ತಲೂ ಸುಲಿದಿರಿ. ಹಾಗೆ ಸುಲಿಸಿಕೊಂಡ ಗಿಡ ಬದುಕುವುದು ಕಷ್ಟ.

ಈ ದಸರೆಗೆ ನಮ್ಮ ಹಿತ್ತಿಲ ಬನ್ನಿಯನ್ನೇ ಹಂಚುವೆನೆಂದು ಶೇಖವ್ವ ಇಡೀ ಓಣಿಗೆ ಹೇಳಿಬಿಟ್ಟಿದ್ದಳು. ಮಾತು ಬಿಟ್ಟವರೂ ಆ ದಿನ ಎಲೆ ಕೊಟ್ಟು ತೆಗೆದುಕೊಂಡು ಒಂದಾಗುತ್ತಾರೆ. ಗಿಡ ನೋಡಿ ಅವಳು, "ಯಂತ್ರಕ್ಕ ಕಣ್ಣಿಲ್ಲ, ಖರೆ. ನಿಮಗ ಅದಾವಲ್ರಿ?" ಎಂದಳು. ಇಪ್ಪತ್ತು ದಿನಗಳಿಂದ ತಟ್ಟೆಗೆ ರೊಟ್ಟಿ ಬರುತ್ತದೆ, ಮಾತು ಬರುವುದಿಲ್ಲ.

ಆದುದರಿಂದ ತಾವು ಇನ್ನು ಮುಂದೆ ಪ್ರತಿ ಗಿಡದ ಹೆಸರು, ಊರು, ತವರುಮನೆ ವಿಚಾರಿಸಿಕೊಂಡೇ ಮುಂದುವರಿಯಬೇಕೆಂದೂ, ಬನ್ನಿ ಕಂಡೊಡನೆ ತಾವಾಗಿಯೇ ಬಂದ್ ಆಗಬೇಕೆಂದೂ, ಸಾಧ್ಯವಾದರೆ ಗಂಟು ಹಾಕಿದ್ದು ಕೂಡ ತಾವೇ ಎಂದು ಶೇಖವ್ವನ ಮುಂದೆ ಒಪ್ಪಿಕೊಳ್ಳಬೇಕೆಂದೂ ವಿನಂತಿಸುತ್ತೇನೆ.

ತಮ್ಮ ಹಗ್ಗ ಎಳೆದು ರಟ್ಟೆ ನೋಯಿಸಿಕೊಂಡ ವಿಶ್ವಾಸಿ,
ಅಮರಪ್ಪ

ತಾ.ಕ.: ಮೇಲಿನದನ್ನು ನಿನ್ನೆ ಬರೆದಿಟ್ಟಿದ್ದೆ. ಇಂದು ಬೆಳಿಗ್ಗೆ ಬನ್ನಿಯ ಬುಡದಲ್ಲಿ ಚಿಗುರು ಕಂಡಿದೆ. ಶೇಖವ್ವ ಅದಕ್ಕೆ ಹಳೆಯ ಎಣ್ಣೆ ಡಬ್ಬಿಯ ಕವಚ ತೊಡಿಸಿ, ತಮಗೆ ಅಂಗಡಿಯ ಹೊಸ ದಾರ ಹಾಕಿ, "ಇನ್ನ ಇದನ್ನ ನಾ ಹಿಡಿತೇನಿ, ನೀವು ಮಗ್ಗಕ್ಕ ಹೋಗ್ರಿ" ಎಂದಳು. ಖಂಡೆ ಪೂಜೆಯಂದು, ಅಂದರೆ ಆಯುಧ ಪೂಜೆಯ ದಿನ, ಮನೆಯ ಎಲ್ಲ ಹತಾರಗಳ ಜೊತೆ ತಮಗೂ ಕುಂಕುಮ ಹಚ್ಚಲು ಒಪ್ಪಿದ್ದಾಳೆ. ಮರುದಿನ ದಸರೆಗೆ ನನ್ನ ಕೈಯಿಂದ ಬನ್ನಿ ಎಲೆ ತೆಗೆದುಕೊಳ್ಳುವುದನ್ನು ಮಾತ್ರ ವಿಚಾರ ಮಾಡಿ ಹೇಳುತ್ತಾಳಂತೆ.