ಬೆಳ್ಳಕ್ಕಿಯ ಮುಡಿಪು

ನಮ್ಮ ಡಾಕ್ಟರ್ ಮಾಮಾ ಪ್ರತಿ ಶನಿವಾರ ಒಂದು ಹೆಣ ನೋಡಲು ಹೋಗುತ್ತಿದ್ದ. ಹೆದರಬೇಡಿ! ಡಾಕ್ಟರಲ್ಲವೇ, ಹೋಗಿರಬಹುದು ಬಿಡು ಎಂದು ಸಮಾಧಾನವನ್ನೂ ಮಾಡಿಕೊಳ್ಳಬೇಡಿ. ಅದು ಹಕ್ಕಿಯ ಹೆಣ. ಸತ್ತು ಎರಡು ಸಾವಿರ ವರ್ಷದ ಮೇಲಾಗಿತ್ತು. ಲಂಡನ್ನಿನ ಈಸ್ಟ್ ಹ್ಯಾಮಿನಲ್ಲಿ ಡಿಸ್ಟ್ರಿಕ್ಟ್ ಲೈನ್ ರೈಲು ಹತ್ತಿ, ಮಧ್ಯೆ ಟ್ಯೂಬ್ ಬದಲಿಸಿ, ಊರ ನಡುವಿನ ದೊಡ್ಡ ಮ್ಯೂಸಿಯಮ್ಮಿಗೆ ಹೋಗಿ, ಒಂದು ಗಾಜಿನ ಪೆಟ್ಟಿಗೆಯ ಮುಂದೆ ಹತ್ತು ನಿಮಿಷ ಕೈಕಟ್ಟಿ ನಿಂತು, ಮನೆಗೆ ಬಂದು "ಆರಾಮ ಅದ" ಎಂದು ವರದಿ ಒಪ್ಪಿಸಿ ಊಟಕ್ಕೆ ಕೂಡುತ್ತಿದ್ದ. ಎರಡು ಸಾವಿರ ವರ್ಷದ ಹಿಂದೆ ಸತ್ತದ್ದು ಆರಾಮವಿರದೆ ಇನ್ನೇನಿರುತ್ತದೆ!

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಧಾರವಾಡದವನು, ಪೂರ್ವ ಲಂಡನ್ನಿನ ಸರಕಾರಿ ಆಸ್ಪತ್ರೆಯೊಂದರಲ್ಲಿ ಹೊಟ್ಟೆಯ ಡಾಕ್ಟರು. ತೊಂಬತ್ತರ ದಶಕದಲ್ಲಿ ನಾನು ಮದುವೆಯಾಗಿ ಲಂಡನ್ನಿನ ಪಶ್ಚಿಮ ತುದಿಯ, ನಮ್ಮ ದೇಶದವರೇ ತುಂಬಿದ್ದ ಹೇಸ್‌ಗೆ ಬಂದಾಗ ಈ ಮಹಾನಗರದಲ್ಲಿ ನನಗೆ ತವರು ಅಂತ ಇದ್ದದ್ದು ಅವನ ಮನೆಯೊಂದೇ. ತವರಿಗೆ ಹೋದವಳಿಗೆ ಮಾಮಿ ಉಡಿ ತುಂಬಿದರೆ, ಮಾಮಾ ಕಿವಿ ತುಂಬುತ್ತಿದ್ದ. ಅದೂ ಒಂದೇ ಹಕ್ಕಿಯ ಕಥೆ.

ಯಾವ ಹಕ್ಕಿ ಅಂತೀರಾ? ಐಬಿಸ್. ಕನ್ನಡದಲ್ಲಿ ಕೆಂಬರಲು. ಕೆರೆಯಂಗಳದಲ್ಲಿ ಕುಡುಗೋಲಿನಂಥ ಕೊಕ್ಕನ್ನು ಕೆಸರಿಗಿಳಿಸಿ, ಏನೋ ಕಳೆದುಕೊಂಡವರ ಹಾಗೆ ಹುಡುಕುತ್ತಿರುತ್ತದಲ್ಲ, ಅದೇ. ಹಳೆಯ ಈಜಿಪ್ಟಿನವರು ಅದರ ತಲೆಯನ್ನು ಒಬ್ಬ ದೇವರ ಹೆಗಲ ಮೇಲಿಟ್ಟು, ಥೋತ್ ಎಂದು ಕರೆದು, ಬರಹ, ಬುದ್ಧಿ ಎಲ್ಲವನ್ನೂ ಅವನ ಕೈಗೆ ಕೊಟ್ಟಿದ್ದರು. ಆದರೆ ಮಾಮಾನಿಗೆ ಹೆಚ್ಚು ಇಷ್ಟವಾದ ಸಂಗತಿ ಬೇರೆಯದೇ. ಈ ಹಕ್ಕಿ ತನ್ನ ಕೊಕ್ಕಿನಿಂದಲೇ ಹಿಂಬಾಗಿಲಿಗೆ ನೀರು ಬಿಟ್ಟುಕೊಂಡು ಹೊಟ್ಟೆ ತೊಳೆದುಕೊಳ್ಳುತ್ತದೆಂದೂ, ಎನಿಮಾ ವಿದ್ಯೆಯನ್ನು ವೈದ್ಯರು ಅದನ್ನು ನೋಡಿಯೇ ಕಲಿತರೆಂದೂ ಹಿಂದಿನವರು ನಂಬಿದ್ದರಂತೆ.

"ನಮ್ಮ ಡಿಪಾರ್ಟ್‌ಮೆಂಟಿನ ಮೂಲಗುರು ಇಂವಾ!" ಎಂದು ಮಾಮಾ ಸಾರಿದ. ಎಲ್ಲಿ? ಕನ್ನಡದವರೆಲ್ಲ ಸೇರಿದ್ದ ಯುಗಾದಿ ಊಟದಲ್ಲಿ, ಸರಿಯಾಗಿ ಶ್ರೀಖಂಡ ಬಡಿಸುವ ಹೊತ್ತಿಗೆ. ಆ ವರ್ಷ ಶ್ರೀಖಂಡ ಬಹಳ ಉಳಿಯಿತು.

ಒಂದು ಶನಿವಾರ ನನ್ನನ್ನೂ ಮಾಮಿಯನ್ನೂ ದರ್ಶನಕ್ಕೆ ಕರೆದುಕೊಂಡು ಹೋದ. ಗಾಜಿನ ಪೆಟ್ಟಿಗೆ ಹತ್ತಿರವಾಗುತ್ತಲೇ ಬೂಟು ಕಳಚಿದ! ಕಾವಲಿನವನು ಓಡಿಬಂದು, ಕಾಲಿಗೇನಾದರೂ ಆಯಿತೇ ಎಂದು ವಿಚಾರಿಸಿದ. "ನೋ ನೋ, ಐ ಆ್ಯಮ್ ಅ ಡಾಕ್ಟರ್" ಎಂದ ಮಾಮಾ. ಅದೆಂಥ ಉತ್ತರವೋ! ಕಾವಲಿನವನು ಮಾತ್ರ ತೃಪ್ತನಾಗಿ ಹೊರಟುಹೋದ.

ಪೆಟ್ಟಿಗೆಯೊಳಗೆ ಮೊಳದುದ್ದದ ಬಟ್ಟೆಯ ಗಂಟು. ಪಟ್ಟಿಗಳನ್ನು ಅಡ್ಡಡ್ಡ ಹೆಣೆದು, ಜಡೆ ಹಾಕಿದಷ್ಟು ಚಂದ ಸುತ್ತಿದ್ದರು. ಮಾಮಿ ಬಗ್ಗಿ ನೋಡಿದಳು.

"ಅಯ್ಯ, ಇದು ಮುಡಿಪು ಅಲ್ಲೇನ್ರೀ!"

ಮಾಮಾ ಬೆಚ್ಚಿದ. ಅವನು ಇಷ್ಟು ವರ್ಷ ಪುಸ್ತಕ ಓದಿ ತಿಳಿದದ್ದನ್ನು ಇವಳು ಕೈಚೀಲ ಕೆಳಗಿಡುವ ಮೊದಲೇ ಹೇಳಿಬಿಟ್ಟಿದ್ದಳು. ಹರಕೆ ಹೊತ್ತ ನಾವು ಅರಿಶಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ದೇವರ ಮುಂದಿಡುತ್ತೇವಲ್ಲ, ಹಾಗೆಯೇ ಅಲ್ಲಿಯ ಭಕ್ತರು ಬಟ್ಟೆ ಸುತ್ತಿದ ಹಕ್ಕಿಯನ್ನು ಥೋತ್‌ನಿಗೆ ಒಪ್ಪಿಸುತ್ತಿದ್ದರು. ಅಂಥ ಗಂಟುಗಳು ಲಕ್ಷಗಟ್ಟಲೆ ಸಿಕ್ಕಿವೆಯಂತೆ. ಆದರೆ ಮಾಮಾ ಸೋಲೊಪ್ಪುವ ಆಸಾಮಿಯೇ?

"ಮುಡಿಪು ಖರೆ. ಆದ್ರ ಎಕ್ಸ್‌ರೇ ತಗದು ನೋಡಿದ್ರ ಎಷ್ಟೋ ಗಂಟಿನಾಗ ಹಕ್ಕೀನ ಇಲ್ಲ! ಬರೇ ಕೆಸರು, ಜೊಂಡು. ಪೂಜಾರಿಗೋಳು ಮಂದೀಗೆ ಟೊಪ್ಪಿಗಿ ಹಾಕ್ಯಾರ. ಕಳ್ಳರು!"

"ನೀವು ನೋಡಲಿಕ್ಕೆ ಹೋಗಿದ್ರೇನು?" ಎಂದಳು ಮಾಮಿ.

ಅಂದಿನಿಂದ ಮಾಮಿಯ ಮುಡಿಪುಗಳಿಗೆ ಕಾಟ ಶುರುವಾಯಿತು. ಅವಳೋ ಎಲ್ಲದಕ್ಕೂ ಮುಡಿಪು ಕಟ್ಟುವವಳು: ಮಗಳ ಪರೀಕ್ಷೆಗೆ, ನನ್ನ ಹೆರಿಗೆಗೆ, ಕೊನೆಗೆ ಕೌನ್ಸಿಲ್‌ನವರು ಪಾರ್ಕಿಂಗ್ ಪರ್ಮಿಟ್ ಕೊಡಲೆಂದು ಕೂಡ. ಪ್ರತಿ ಸಲವೂ ಮಾಮಾ ಕನ್ನಡಕವನ್ನು ಮೂಗಿನ ತುದಿಗಿಳಿಸಿ, "ಒಳಗ ಹಕ್ಕಿ ಅದನೋ, ಬರೇ ಕೆಸರೋ?" ಎನ್ನುತ್ತಿದ್ದ. "ಡ್ಯಾಡ್, ಲೀವ್ ಹರ್ ಅಲೋನ್!" ಎಂದು ಮಗಳು ಮಹಡಿಯಿಂದ ಕೂಗುತ್ತಿದ್ದಳು. ಪರ್ಮಿಟ್ಟೇನೋ ಬಂತು. ಅದು ದೇವರಿಂದ ಬಂತೋ ಮಾಮಾ ಬರೆದ ಪತ್ರದಿಂದ ಬಂತೋ ಎಂಬ ಜಗಳ ವರ್ಷವಿಡೀ ನಡೆಯಿತು.

ಮಾಮಾ ರಿಟೈರ್ ಆಗುವ ಹೊತ್ತಿಗೆ ಇನ್ನೊಂದು ಸಂಭ್ರಮ. ಲಂಡನ್ನಿನ ನೀರಲ್ಲಿ ಕೆಂಬರಲು ಇಲ್ಲ. ಆದರೆ ಅದರ ದೂರದ ನೆಂಟನಾದ ಬೆಳ್ಳಕ್ಕಿ ಸಮುದ್ರ ದಾಟಿ ಬಂದು ನೆಲೆಸತೊಡಗಿತ್ತು. ಥೇಮ್ಸ್ ದಂಡೆಯ ರೇನ್‌ಹ್ಯಾಮ್ ಜೌಗಿಗೆ ನನ್ನನ್ನು ಎಳೆದೊಯ್ದು ಕೈಗೆ ದುರ್ಬೀನು ಕೊಟ್ಟ. "ನೋಡು. ಮೊದಲ ಒಬ್ಬಂವ ಬಂದ. ಆಮ್ಯಾಲೆ ಅವನ ತಮ್ಮ, ತಮ್ಮನ ಹೇಂತಿ, ಹೇಂತಿ ಅಣ್ಣ. ಹೇಸ್‌ನಾಗ ಬಾಡಿಗಿ ಮನಿ ಹಿಡದಿಲ್ಲ ಅಷ್ಟ!"

ಹೇಸ್‌ನವಳಾದ ನಾನು ನಗಬೇಕೋ ಮುನಿಯಬೇಕೋ! ಆದರೆ ಕೆಸರಿನಲ್ಲಿ ಒಂಟಿಕಾಲ ಮೇಲೆ ನಿಂತ ಆ ಬಿಳಿ ಹಕ್ಕಿಯನ್ನು ನೋಡುತ್ತ ದುರ್ಬೀನು ಕೆಳಗಿಳಿಸುವುದನ್ನೇ ಮರೆತೆ. ಹುಟ್ಟಿದ ಊರು ಬಿಟ್ಟು ಬಂದು ತಣ್ಣನೆಯ ನೀರಿನಲ್ಲಿ ಕಾಲೂರಿ ನಿಲ್ಲುವುದೆಂದರೇನು ಎಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಮತ್ತೊಂದು ಈಜಿಪ್ಟಿನ ಕಥೆ. ಸತ್ತವರ ಹೃದಯವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಡುತ್ತಾರೆ, ಇನ್ನೊಂದರಲ್ಲಿ ಒಂದು ಗರಿ. ಹೃದಯ ಗರಿಗಿಂತ ಭಾರವಾಗಬಾರದು. ಥೋತ್ ಪಕ್ಕದಲ್ಲಿ ನಿಂತು ಫಲಿತಾಂಶ ಬರೆದುಕೊಳ್ಳುತ್ತಾನೆ.

"ನಿಮ್ಮ ಮಾಮೀದು ಪಾಸ್," ಎಂದ ಮಾಮಾ. "ನಂದ ಡೌಟು."

ಮರುವರ್ಷ ಮಾಮಿಯ ಹೃದಯ ನಿಜಕ್ಕೂ ತಕ್ಕಡಿಗೆ ಬಂತು. ಒಂದು ವಾಲ್ವ್ ಕೆಟ್ಟಿತ್ತು; ಎದೆ ತೆರೆದು ಬದಲಿಸಬೇಕು. ಮೇಲೆ ಸಕ್ಕರೆ ಕಾಯಿಲೆ ಬೇರೆ. ಬಡಾವಣೆಯ ಜಿಪಿ ಡಾಕ್ಟರು, ಸ್ಕ್ಯಾನ್, ಸರ್ಜನ್, ಎಲ್ಲ ಕಡೆಯೂ ಮಾಮಾ ಬಾಯಿ ಮುಚ್ಚಿಕೊಂಡು ಕೂತ. ರೋಗಿಯ ಗಂಡನಿಗೆ ಗೊತ್ತಿರಬಾರದಷ್ಟು ಅವನಿಗೆ ಗೊತ್ತಿತ್ತು. ಅವಳು ಟೇಬಲ್ಲಿನ ಮೇಲಿಂದ ಏಳದೆಯೂ ಇರಬಹುದೆಂದು ನನಗೆ ಒಮ್ಮೆ ಮಾತ್ರ ಹೇಳಿದ. ಶನಿವಾರದ ದರ್ಶನವೂ ನಿಂತಿತು.

ಆಪರೇಶನ್ನಿನ ಹಿಂದಿನ ದಿನ ಬೆಳಿಗ್ಗೆ ಮಾಮಿಯನ್ನು ಆಸ್ಪತ್ರೆಗೆ ಸೇರಿಸಿದವನೇ ನಾಪತ್ತೆ! ನಾನು ಅವನ ಮನೆಯಲ್ಲಿ ಅನ್ನ, ಸಾರು ಮಾಡಿ ಕಾದೇ ಕಾದೆ. ಸಂಜೆ ಬಂದ. ಮೊಳಕಾಲತನಕ ಕೆಸರು, ಒಂದು ಬೂಟಿನ ತುಂಬ ನೀರು. "ಎಲ್ಲಿ ಹೋಗಿದ್ದಿ ಮಾಮಾ? ತಲಿ ನೆಟ್ಟಗ ಅದ ಏನ್ ನಿಂದು?" ಎಂದು ಬೈದೇಬಿಟ್ಟೆ. ನೇರ ಅಡಿಗೆಮನೆಗೆ ಹೋಗಿ, ಅರಿಶಿನದ ಡಬ್ಬಿ ಎಲ್ಲಿದೆ ಎಂದು ಕೇಳಿದ. ಕಾಲಿಗೆ ಗಾಯವಾಗಿರಬೇಕೆಂದುಕೊಂಡು ತೋರಿಸಿದೆ.

ಮರುದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದೆವು. ಮಗಳು ಕಾಫಿ ತರಲು ಹೋಗಿದ್ದಳು. ಮಾಮಾನ ಬಲಗೈ ಕೋಟಿನ ಜೇಬು ಬಿಟ್ಟು ಹೊರಗೆ ಬರುತ್ತಲೇ ಇರಲಿಲ್ಲ. ಏನದು ಎಂದು ಕೇಳಿದ್ದಕ್ಕೆ ಮೆಲ್ಲಗೆ ತೆಗೆದು ತೋರಿಸಿದ. ಅರಿಶಿನದಲ್ಲಿ ಅದ್ದಿದ ಬ್ಯಾಂಡೇಜು. ಮ್ಯೂಸಿಯಮ್ಮಿನಲ್ಲಿ ಕಂಡಂತೆಯೇ ಅಡ್ಡಡ್ಡ ಹೆಣೆದು ಸುತ್ತಿದ ಗಂಟು.

"ಮಾಮಾ... ನೀನೂ ಮುಡಿಪು ಕಟ್ಟೀದಿ?"

"ಬೆಳ್ಳಕ್ಕೀದು ಒಂದು ಗರಿ ಸಿಕ್ಕಿದ್ರ ಸಾಕಿತ್ತವಾ. ಇಡೀ ದಿನ ಹುಡುಕಿದೆ. ಅಷ್ಟು ದೂರ ನಿಂತು ನನ್ನ ನೋಡಿದ್ವು. ಒಂದರೆ ಗರಿ ಉದುರಸ್ಲಿಲ್ಲ." ಗಂಟಿನ ಸಡಿಲಾದ ತುದಿಯನ್ನು ಒಳಗೆ ಸಿಕ್ಕಿಸಿದ. "ಬರೀಗೈಲೆ ಹೆಂಗ ಬರ್ಲಿ? ಅಲ್ಲೇನಿತ್ತೋ ಅದನ್ನ ಕಟಗೊಂಡು ಬಂದೆ."

"ಏನಿತ್ತು?"

"ಕೆಸರು. ಜೊಂಡು."

ನನಗೆ ನಗು ಬಂತು, ಅದರ ಬೆನ್ನಿಗೇ ಅಳು. ಮಾಮಾ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇಷ್ಟು ವರ್ಷ ಅವರಿಗೆ ಕಳ್ಳರು ಅಂದೆ ನೋಡು," ಎಂದ. "ಮೋಸ ಮಾಡಿರಲಿಕ್ಕಿಲ್ಲ ಅವರು. ಅವರಿಗೂ ಹಕ್ಕಿ ಸಿಕ್ಕಿರಲಿಕ್ಕಿಲ್ಲ."

ಮಧ್ಯಾಹ್ನ ಸರ್ಜನ್ ಹೊರಬಂದು, ಎಲ್ಲ ಸರಿಯಾಗಿ ಆಯಿತೆಂದು ಕೈ ಚಾಚಿದ. ಮಾಮಾ ಕುಲುಕಲು ಎಡಗೈ ಕೊಟ್ಟ, ಬಲಗೈಯಲ್ಲಿ ಗಂಟಿತ್ತು.

ಮಾಮಿ ಮನೆಗೆ ಬಂದ ದಿನ ಕೈಹಿಡಿದು ದೇವರ ಮುಂದೆ ನಿಲ್ಲಿಸಿದೆವು. ತನ್ನ ಮುಡಿಪುಗಳ ಸಾಲಿನಲ್ಲಿ ತಾನು ಕಟ್ಟದೇ ಇದ್ದದ್ದೊಂದನ್ನು ಕಂಡು ಕೈಗೆತ್ತಿಕೊಂಡಳು.

"ಇದರಾಗ ಏನದರೀ?"

"ಬೆಳ್ಳಕ್ಕಿ ಗರಿ," ಎಂದ ಮಾಮಾ, ಗೋಡೆ ನೋಡುತ್ತ.

ಮಾಮಿ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು. ಒಣಗಿದ ಕೆಸರಿನ ಪುಡಿ ಅವಳ ಬೆರಳಿಗೆ ಹತ್ತಿತು.

"ಗರಿ ಭಾಳ ವಜ್ಜ ಅದ," ಎಂದಳು. ಆಮೇಲೆ ಅದಕ್ಕೆ ಕುಂಕುಮ ಹಚ್ಚಿ, ಎಲ್ಲಕ್ಕಿಂತ ಮುಂದೆ ಇಟ್ಟಳು. ಮಾಮಾ ಎಳೆಯ ಮಗುವಿನಂತೆ ಅಳತೊಡಗಿದ.

"ಅಳಬ್ಯಾಡ್ರಿ," ಎಂದಳು ಮಾಮಿ. "ಮುಟ್ಟೇದ."