ಗ್ರೋತ್ ಎಂಬ ಶಬ್ದ, ನನ್ನ ಹರಕಿ ಗಡ್ಡ

ಕೆಲವರ ಬೆನ್ನಿಗೆ ಬೀದಿನಾಯಿ ಬೀಳುತ್ತದೆ, ನನ್ನ ಬೆನ್ನಿಗೆ ಬಿದ್ದದ್ದು ಒಂದು ಇಂಗ್ಲಿಷ್ ಶಬ್ದ: ಗ್ರೋತ್.

ಹುಬ್ಬಳ್ಳಿ ಹತ್ತಿರದ ನಮ್ಮೂರು ಸುಳ್ಳದಲ್ಲಿ ಯಾವುದೇ ಇಂಗ್ಲಿಷ್ ಶಬ್ದದ ಅರ್ಥ ಬೇಕಾದರೆ ಮಂದಿ ಡಿಕ್ಷನರಿ ತೆಗೆಯುವುದಿಲ್ಲ, ನಮ್ಮ ಮನಿ ಕಟ್ಟೆಗೆ ಬರುತ್ತಾರೆ. ಗ್ರೋತ್ ಅಂದರೆ ಬೆಳವಣಿಗೆ, ಏಳಿಗೆ, ವೃದ್ಧಿ, ಹೆಚ್ಚಳ, ಪ್ರಗತಿ. ಉಸಿರು ಬಿಡದೆ ಹೇಳುತ್ತೇನೆ. ಇಂಗ್ಲಿಷಿನಲ್ಲೇ ಬೇಕೋ? ಇನ್‌ಕ್ರೀಸ್, ಡೆವಲಪ್‌ಮೆಂಟ್, ಪ್ರೋಗ್ರೆಸ್. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಮಷೀನ್ ನಡೆಸುವವನು ನಾನು. ನಮ್ಮ ಓಣಿಯಲ್ಲಿ ನನ್ನಷ್ಟು ಇಂಗ್ಲಿಷ್ ಯಾರಿಗೆ ಬರುತ್ತದೆ, ನೀವೇ ಹೇಳ್ರಿ.

ಆದರೆ ಅಕ್ಕ ಬಸುರಾಗಿ ತವರಿಗೆ ಬಂದ ಮೇಲೆ ಇದೇ ಶಬ್ದ ನನ್ನ ನಿದ್ದೆ ಕೆಡಿಸಿತು. ಹಿಂದಿನ ಸಲ ಆಕೆಯ ಕೂಸು ಹೊಟ್ಟೆಯಲ್ಲೇ ಬೆಳೆಯದೆ ಹೋಗಿತ್ತು. ಅದಕ್ಕೇ ಈ ಸಲ ನಾವೆಲ್ಲ ಜೀವ ಕೈಯಲ್ಲಿ ಹಿಡಿದುಕೊಂಡೇ ತಿರುಗುತ್ತಿದ್ದೆವು.

ಸಾಧಾರಣ ಕೂಸು

ಹುಬ್ಬಳ್ಳಿಯ ಡಾಕ್ಟರಬಾಯಿ ಸ್ಕ್ಯಾನಿಂಗ್ ಮಾಡಿ, "ಗ್ರೋತ್ ನಾರ್ಮಲ್ ಐತ್ರಿ" ಅಂದರು. ಅವ್ವ ನನ್ನ ಮಾರಿ ನೋಡಿದಳು.

"ಬೆಳವಣಿಗಿ ಸಾಧಾರಣ ಐತಂತ" ಎಂದು ನಾನು ಬಿಡಿಸಿ ಹೇಳಿದೆ.

ಅವ್ವನ ಮಾರಿ ಬಾಡಿತು. "ಸಾಧಾರಣ ಅಂದ್ರ? ಏನರೆ ಕಮ್ಮಿ ಐತೇನ್ರಿ ಬಾಯಾರ?"

"ಯಮ್ಮಾ, ನಾರ್ಮಲ್ ಅಂದ್ರ ಎಲ್ಲಾ ಛಲೋ ಐತಿ ಅಂತ. ಅಂಜಬ್ಯಾಡ್ರಿ."

ಅವ್ವನಿಗೆ ನಂಬಿಕೆ ಬರಲಿಲ್ಲ. ನನ್ನ ಕಡೆ ಬೆರಳು ತೋರಿಸಿ ಹೇಳಿದಳು: "ಇವಾ ಹುಟ್ಟೂಮುಂದನೂ ಎಲ್ಲಾ ಛಲೋ ಐತಿ ಅಂತನ ಅಂದಿದ್ರು. ಈಗ ನೋಡ್ರಿ."

ಎಷ್ಟು ಚಮಚಾ?

ಗೊಬ್ಬರದ ಅಂಗಡಿಯಿಂದ ನಮ್ಮ ಹೊಲದ ಹತ್ತಿಗೆ ಹೊಡೆಯುವ ಟಾನಿಕ್ ತಂದಿದ್ದೆ. ಪಡಸಾಲೆಯಲ್ಲಿ ನಿಂತು, ಓಣಿಗೂ ಕೇಳಲಿ ಅಂತ ತುಸು ಜೋರಾಗಿಯೇ ಬಾಟ್ಲಿ ಮೇಲಿನದ್ದನ್ನು ಓದಿದೆ: "ಫಾಸ್ಟ್ ಗ್ರೋತ್! ಸ್ಟ್ರಾಂಗ್ ಗ್ರೋತ್!"

ಕೈಕಾಲು ತೊಳೆದು ಒಳಗೆ ಬಂದರೆ ಅವ್ವ ಒಂದು ಕೈಯಲ್ಲಿ ಬಿಸಿ ಹಾಲು, ಇನ್ನೊಂದು ಕೈಯಲ್ಲಿ ಆ ಬಾಟ್ಲಿ ಹಿಡಿದು ಅಕ್ಕನ ಮುಂದೆ ನಿಂತಿದ್ದಾಳೆ.

"ಎಷ್ಟು ಚಮಚಾ ಹಾಕಬೇಕಪಾ?"

ಹಾರಿ ಹೋಗಿ ಬಾಟ್ಲಿ ಕಸಿದುಕೊಂಡೆ. "ಯವ್ವಾ, ಇದು ಹತ್ತಿಗೆ ಹೊಡಿಯೂದು! ವಿಷಾ ಆದೀತು!"

ಅಕ್ಕ ಮಾತ್ರ ತಣ್ಣಗೆ ಹಾಲು ಕುಡಿದು ಅಂದಳು: "ನಾಳೆ ಎಣ್ಣಿ ಹೊಡಿಯೂ ಪಂಪು ಬೆನ್ನಿಗೆ ಕಟಗೊಂಡು ಬಾರಬೇ ಅವ್ವಾ. ನಾ ಹತ್ತಿ ಸಾಲಿನ್ಯಾಗ ನಿಂದರ್ತೇನಿ."

ಗಲ್ಲದ ಮೇಲಿನ ಪ್ರಗತಿ

ಹೆರಿಗೆ ಸುಸೂತ್ರ ಆಗುವವರೆಗೆ ಗಡ್ಡ ತೆಗೆಯುವುದಿಲ್ಲ ಎಂದು ಊರ ಬಸವಣ್ಣನಿಗೆ ಹರಕಿ ಹೊತ್ತಿದ್ದೆ. "ಗಡ್ಡಾ ಬಿಡಬೇಕಾದಾವ ಗಂಡ, ನೀ ಯಾಕೋ?" ಎಂದು ಮಂದಿ ಕೇಳುತ್ತಿದ್ದರು. ಅಕ್ಕನ ಗಂಡ, ಅಂದರೆ ನಮ್ಮ ಧಾರವಾಡದ ಮಾವನಿಗೆ ಗಡ್ಡ ಅಲ್ಲೊಂದು ಇಲ್ಲೊಂದು ಹುಟ್ಟುತ್ತದೆ. ಅಂಥದ್ದನ್ನು ದೇವರಿಗೆ ಹೆಂಗ ಕೊಡೂದು? ನನ್ನದು ಮುಂಗಾರಿ ಬೆಳಿ ಇದ್ದಂಗ.

ಒಂದು ದಿನ ಸೂಪರ್‌ವೈಸರ್ ನನ್ನ ಮಷೀನ್ ಮುಂದೆ ನಿಂತು, "ವಾಟ್ ಈಸ್ ದಿಸ್ ಗ್ರೋತ್?" ಅಂದರು.

ಕೆಲಸ ಕಂಡು ಹೊಗಳುತ್ತಿದ್ದಾರೆ ಎಂದು ಎದೆ ಉಬ್ಬಿಸಿದೆ. "ಥ್ಯಾಂಕ್ಯೂ ಸರ್. ಮುಂದಿನ ತಿಂಗಳು ಇದರ ಡಬಲ್ ಮಾಡಿ ತೋರಸ್ತೇನ್ರಿ!"

"ಡಬಲ್ ಮಾಡಿದ್ರ ಗೇಟಿನ ಒಳಗ ಬಿಡಂಗಿಲ್ಲ ಮಗನ. ನಾ ಹೇಳಿದ್ದು ಗಡ್ಡದ ಮಾತು. ಮಷೀನಿಗೆ ಸಿಕ್ಕರ ಮಾರಿ ಸಮೇತ ಎಳಕೊಂತೈತಿ. ನಾಳೆ ಬೋಳಿಸಿಕೊಂಡು ಬಾ."

ಗ್ರೋತ್ ಅಂದರೆ ಗಡ್ಡ ಕೂಡ ಎಂದು ಯಾವ ಸಾಲಿಯಲ್ಲೂ ನನಗೆ ಕಲಿಸಿರಲಿಲ್ಲ. ಮನಸ್ಸು ಗಟ್ಟಿ ಮಾಡಿ ಬೋಳಿಸಿದೆ. ಅವ್ವ ನೋಡಿದವಳೇ ಹಣೆ ಹಣೆ ಬಡಿದುಕೊಂಡಳು: "ಹರಕಿ ಮುರದ್ಯಲ್ಲೋ! ಬಸವಣ್ಣ ಬಿಟ್ಟಾನೇನು?"

ನಾನು ಸಂಜೆ ಗುಡಿಗೆ ಹೋಗಿ, ಮೀಸೆ ಉಳಿಸಿದ್ದೇನೆ, ಸದ್ಯಕ್ಕೆ ಅದನ್ನೇ ಮುಂಗಡ ಅಂತ ತಿಳಕೋ ಎಂದು ಬೇಡಿಕೊಂಡು ಬಂದೆ.

ರಿಪೋರ್ಟು

ಅಷ್ಟರಲ್ಲಿ ಅಕ್ಕನಿಗೆ ಉರಿಮೂತ್ರ ಶುರುವಾಯಿತು. ಡಾಕ್ಟರಬಾಯಿ ಮೂತ್ರ ಪರೀಕ್ಷೆ ಮಾಡಿಸಲು ಹೇಳಿದರು. ರಿಪೋರ್ಟು ತರಲು ಲ್ಯಾಬಿಗೆ ಹೋದವನು ನಾನೇ. ಹುಬ್ಬಳ್ಳಿಯಿಂದ ಸುಳ್ಳಕ್ಕೆ ಮರಳುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕವರ್ ಒಡೆದೆ. ದಪ್ಪ ಅಕ್ಷರದಲ್ಲಿ ಎರಡೇ ಶಬ್ದ: ನೋ ಗ್ರೋತ್.

ಕಣ್ಣಿಗೆ ಕತ್ತಲೆ ಕವಿಯಿತು. ಬೆಳವಣಿಗೆ ಇಲ್ಲ. ಬೇರೆ ಯಾವ ಅರ್ಥ ಹಚ್ಚಿದರೂ ಏಳಿಗೆ ಇಲ್ಲ, ವೃದ್ಧಿ ಇಲ್ಲ. ಪರೀಕ್ಷೆ ಮಾಡಿದ್ದು ಮೂತ್ರ ಅನ್ನುವುದು ನೆನಪಿತ್ತು. ಆದರೆ ಅದೂ ಹೊಟ್ಟೆಯಿಂದಲೇ ಬಂದದ್ದಲ್ಲವೇ? ಒಳಗಿನ ಸುದ್ದಿ ಅದಕ್ಕೆ ಗೊತ್ತಿಲ್ಲದೆ ಇರುತ್ತದೆಯೇ? ನಾನು ಗಲ್ಲದ ಗ್ರೋತ್ ಕತ್ತರಿಸಿದೆ, ಬಸವಣ್ಣ ಕೂಸಿನ ಗ್ರೋತ್ ನಿಲ್ಲಿಸಿದ. ಬಸ್ಸಿನಲ್ಲೇ ಮಾವನಿಗೆ ಫೋನ್ ಹಚ್ಚಿದೆ. "ಮಾವಾ, ನೋ ಗ್ರೋತ್" ಅಂದೆ. ಆ ಕಡೆಯಿಂದ, "ನಾ ಸೀದಾ ದವಾಖಾನಿಗೆ ಬರ್ತೇನಿ" ಎಂಬ ಅಳು ಕೇಳಿತು.

ಮನೆಯಲ್ಲಿ ಅವ್ವ ಸುದ್ದಿ ಕೇಳಿ ನೆಲಕ್ಕೆ ಕುಸಿದಳು. ಅಕ್ಕ ಗಿರಮಿಟ್ ತಿನ್ನುವುದನ್ನು ನಿಲ್ಲಿಸಿ, "ಲೇ, ಕೂಸು ಈಗೂ ಒದಿಯಾಕತ್ತೈತಿ" ಅಂದಳು.

"ಒದ್ದರ ಏನಾತು? ರಿಪೋರ್ಟಿನ್ಯಾಗ ಇಲ್ಲ!" ಎಂದು ನಾನು ಅಳುತ್ತ ಗದರಿಸಿದೆ. "ನಿನಗ ಇಂಗ್ಲಿಷ್ ಬರಂಗಿಲ್ಲ, ಸುಮ್ಮ ಕುಂದರು."

ಆಟೋ ಮಾಡಿಕೊಂಡು ಹುಬ್ಬಳ್ಳಿ ದವಾಖಾನೆಗೆ ಓಡಿದೆವು. ಡಾಕ್ಟರಬಾಯಿ ರಿಪೋರ್ಟು ನೋಡಿದರು, ಅಳುತ್ತಿದ್ದ ಅವ್ವನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಅರ್ಥಾ ಹೇಳಿದಾವ ನೀನ ಏನು?"

"ಹೌದ್ರಿ."

"ತಮ್ಮಾ, ಮೂತ್ರದಾಗ ಕ್ರಿಮಿ ಬೆಳದಿಲ್ಲ ಅಂತ ಬರದಾರ. ನೋ ಗ್ರೋತ್ ಅಂದ್ರ ಛಲೋ ಸುದ್ದಿ! ಕೂಸು ಆರಾಮ ಐತಿ."

ಅವ್ವ ಕಣ್ಣೊರೆಸಿಕೊಂಡು ಸೀದಾ ಎದುರಿನ ಅಂಗಡಿಗೆ ಹೋಗಿ ಪೇಡೆ ತಂದಳು. ಅದೇ ಹೊತ್ತಿಗೆ ಧಾರವಾಡದಿಂದ ಮಾವ ತಲೆಗೂದಲು ಕೆದರಿಕೊಂಡು ಓಡಿಬಂದರು. ಅವ್ವ ನಗುನಗುತ್ತ ಅವರ ಕೈಗೆ ಪೇಡೆ ಇಟ್ಟು, "ನೋ ಗ್ರೋತ್ ಅಂತ್ರಿ ಅಳಿಯಾರ! ಬಾಯಿ ಸಿಹಿ ಮಾಡ್ಕೋರಿ!" ಅಂದಳು.

ಮಾವ ಪೇಡೆ ಹಿಡಿದುಕೊಂಡೇ ಬೆಂಚಿನ ಮೇಲೆ ಧೊಪ್ಪನೆ ಕುಸಿದರು. ಅವರ ಮಾರಿಗೆ ನೀರು ಹೊಡೆದು ಎಬ್ಬಿಸಿದ ಮೇಲೆ ಅವ್ವ ನನ್ನತ್ತ ತಿರುಗಿದಳು.

"ಡಾಕ್ಟರಬಾಯಾರ, ಈ ನನ್ನ ಮಗನ ತಲೀದೂ ಒಂದು ಟೆಸ್ಟ್ ಮಾಡಿ ಬಿಡ್ರಿ."

ಅಕ್ಕ ಎರಡನೆಯ ಪೇಡೆ ಬಾಯಿಗೆ ಹಾಕಿಕೊಂಡು ಅಂದಳು: "ಬ್ಯಾಡಬೇ ಅವ್ವಾ. ಅದರ ರಿಪೋರ್ಟು ನಾನ ಇಂಗ್ಲಿಷಿನ್ಯಾಗ ಹೇಳ್ತೇನಿ. ನೋ ಗ್ರೋತ್."