ಒಂದೇ ಸಲ ಬರೆಯುವ ಹಟ

ಸಂಕಟ ಬಂದರೆ ಮನುಷ್ಯ ಒಬ್ಬನೇ ಕೂತು ಹೇಗೋ ನುಂಗಿಕೊಳ್ಳುತ್ತಾನೆ. ಸಂತೋಷವನ್ನು ಹಾಗೆ ನುಂಗಲು ಬರುವುದಿಲ್ಲ, ಯಾರಿಗಾದರೂ ಹೇಳಲೇಬೇಕು. ಅದೂ ಆ ಸಂತೋಷ ಕಂಪ್ಯೂಟರಿನದಾಗಿದ್ದು, ಊರು ಕೊಪ್ಪಳವಾಗಿದ್ದು, ಕಾಲ ಎಂಬತ್ತರ ದಶಕದ ಕೊನೆಯಾಗಿದ್ದರೆ ಕೇಳುವವರನ್ನು ಎಲ್ಲಿಂದ ತರುವುದು? ನನಗೆ ಇದ್ದವಳು ಒಬ್ಬಳೇ, ನನ್ನ ಹೆಂಡತಿ ಗಿರಿಜಾ. ಅವಳಿಗೆ ಆ ವಿದ್ಯೆ ಗೊತ್ತಿತ್ತೆಂದಲ್ಲ. ನಾನು ಹೇಳುವಾಗ ಎದ್ದು ಹೋಗುತ್ತಿರಲಿಲ್ಲ, ಅಷ್ಟೆ.

ನಾನು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಮದುವೆಗೆ ಮುಂಚೆ ದೊಡ್ಡ ಊರಿನಲ್ಲಿ ಓದುವಾಗ ‘ಫಂಕ್ಷನಲ್’ ಎಂಬ ಜಾತಿಯ ಕಂಪ್ಯೂಟರ್ ಭಾಷೆಗೆ ಮನಸೋತಿದ್ದೆ. ಅದರಲ್ಲಿ ಒಂದು ಕೆಲಸವನ್ನೇ ಎತ್ತಿ ಇನ್ನೊಂದು ಕೆಲಸದ ಕೈಗೆ ಕೊಡಬಹುದಿತ್ತು. ಸಾಲಾಗಿ ಜೋಡಿಸುವ ವಿಧಾನವನ್ನು ಒಮ್ಮೆ ಬರೆದಿಟ್ಟು, ಎರಡರಲ್ಲಿ ಯಾವುದು ಮೊದಲು ಎಂದು ಹೋಲಿಸುವ ಕೆಲಸವನ್ನು ಅದಕ್ಕೆ ಒಪ್ಪಿಸಿದರೆ ಸಾಕು. ಅಂಕಗಳಿರಲಿ, ಹೆಸರುಗಳಿರಲಿ, ಪುಸ್ತಕಗಳಿರಲಿ, ಎಲ್ಲವನ್ನೂ ಆ ಒಂದೇ ವಿಧಾನ ಜೋಡಿಸುತ್ತಿತ್ತು. ಅಂಥದ್ದನ್ನು ಒಮ್ಮೆ ಕಂಡವನಿಗೆ ಬೇರೆ ಯಾವುದೂ ರುಚಿಸುವುದಿಲ್ಲ.

ನಮ್ಮ ಕಾಲೇಜಿಗೂ ಒಂದು ಕಂಪ್ಯೂಟರ್ ಬಂತು. ಗೆಳೆಯನೊಬ್ಬ ಆಗಷ್ಟೇ ಹೆಸರು ಮಾಡುತ್ತಿದ್ದ ಹೊಸ ಭಾಷೆಯನ್ನು ಫ್ಲಾಪಿಯಲ್ಲಿ ಹಾಕಿ ಕಳಿಸಿದ. ಅದರಲ್ಲಿ ಎಲ್ಲವೂ ‘ಆಬ್ಜೆಕ್ಟ್’. ಪ್ರತಿಯೊಬ್ಬ ವಿದ್ಯಾರ್ಥಿ, ಪ್ರತಿಯೊಂದು ಪುಸ್ತಕ ತನ್ನ ವಿವರವನ್ನೂ ತಾನು ಮಾಡಬೇಕಾದ ಕೆಲಸವನ್ನೂ ಒಳಗೇ ಇಟ್ಟುಕೊಂಡ ಸಂಸಾರಸ್ಥ. ಕೆಲಸವನ್ನು ಬಿಡಿಯಾಗಿ ಯಾರ ಕೈಗೂ ಕೊಡುವಂತಿಲ್ಲ. ಹೀಗಾಗಿ ಅಂಕಗಳಿಗೊಮ್ಮೆ, ಹೆಸರುಗಳಿಗೊಮ್ಮೆ, ಗ್ರಂಥಾಲಯದ ಪುಸ್ತಕಗಳಿಗೊಮ್ಮೆ ಅದೇ ವಿಧಾನವನ್ನು ಬರೆಯಬೇಕಾಯಿತು. ನನಗಾದ ನೋವನ್ನು ಪ್ರಿನ್ಸಿಪಾಲರ ಮುಂದೆ ತೋಡಿಕೊಂಡೆ. ಅವರು ಕನ್ನಡಕದ ಮೇಲಿಂದ ನೋಡಿ, “ಮೂರು ಸಲ ಬರದ್ರ ಏನಾಗ್ತೈತ್ರಿ? ಕೈ ನೋಯ್ತಾವೇನು?” ಎಂದು ಕೇಳಿ ಅಟೆಂಡೆನ್ಸ್ ಪುಸ್ತಕದತ್ತ ತಿರುಗಿದರು.

ನಿಜ ಹೇಳಬೇಕೆಂದರೆ ನೋಯುತ್ತಿದ್ದದ್ದು ಗಿರಿಜಾಳ ಕೈ. ಅವಳು ಕುಷ್ಟಗಿಯಲ್ಲಿ ಟೈಪಿಂಗ್ ಪಾಸು ಮಾಡಿದವಳು. ಭಾನುವಾರ ಕಂಪ್ಯೂಟರ್ ಕೋಣೆ ಖಾಲಿ ಇರುತ್ತಿದ್ದುದರಿಂದ ಇಬ್ಬರೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದೆವು. ನಾನು ಹಾಳೆಯ ಮೇಲೆ ಬರೆದದ್ದನ್ನು ಅವಳು ಟೈಪು ಮಾಡುತ್ತಿದ್ದಳು. ಮದುವೆಯಾಗಿ ಇನ್ನೂ ವರ್ಷವಾಗಿರಲಿಲ್ಲ. ಮನೆಯಲ್ಲಿ ಸಾರು ಚೆನ್ನಾಗಿದೆ ಎಂದ ಮೇಲೆ ಮುಂದೇನು ಮಾತಾಡಬೇಕೆಂದು ನನಗೆ ತೋಚುತ್ತಿರಲಿಲ್ಲ, ಅವಳಿಗೂ. ಆ ಕೋಣೆಯಲ್ಲಿ ಮಾತ್ರ ಮಾತು ತಾನಾಗಿ ಬರುತ್ತಿತ್ತು. ಒಂದು ದಿನ ಅವಳು ಬೆರಳು ನಿಲ್ಲಿಸಿ, “ಇದನ್ನ ಹ್ವಾದ ವಾರ ಹೊಡದೀನಲ್ರಿ. ಹೆಸರಷ್ಟ ಬ್ಯಾರೆ ಐತಿ” ಎಂದಳು. ನನ್ನ ಸಂಕಟದ ಕತೆಯನ್ನೆಲ್ಲ ಹೇಳಿದೆ. ಕರೆಂಟು ಹೋಯಿತು, ಬಂತು, ನಾನು ಹೇಳುತ್ತಲೇ ಇದ್ದೆ. ಕೊನೆಗೆ ಆ ಭಾಷೆಯ ಯುಕ್ತಿಯನ್ನು ಈ ಭಾಷೆಗೆ ತರಲು ಬರುವುದಿಲ್ಲವೇ ಎಂದು ಕೇಳಿದಳು. ತಂದೇ ತರುತ್ತೇನೆ, ಇನ್ನು ನೀನು ಒಂದೇ ಪುಟವನ್ನು ಎರಡು ಸಲ ಹೊಡೆಯಬೇಕಿಲ್ಲ ಎಂದು ಮಾತು ಕೊಟ್ಟೆ. ಹೊಸ ಗಂಡಂದಿರು ಸೀರೆಯ ಮಾತು ಕೊಡುತ್ತಾರೆ ಎನ್ನುವುದು ನನಗೆ ಆಗ ಹೊಳೆಯಲಿಲ್ಲ.

ಮೊದಲ ಪ್ರಯತ್ನದಲ್ಲಿ ಎಲ್ಲ ಆಬ್ಜೆಕ್ಟುಗಳಿಗೂ ಒಬ್ಬ ಮೂಲಪುರುಷನನ್ನು ಸೃಷ್ಟಿಸಿದೆ. ಅವನ ವಂಶದವರೆಲ್ಲ ತಮ್ಮನ್ನು ಇನ್ನೊಬ್ಬರೊಡನೆ ಹೋಲಿಸಿಕೊಳ್ಳಲು ಕಲಿತಿರಬೇಕೆಂದು ಕಟ್ಟಳೆ ಮಾಡಿದೆ. ಕಲಿತರು. ಆದರೆ ಅಂಕದ ಪ್ರಕಾರ ಹೋಲಿಸಿಕೊಳ್ಳಲು ಕಲಿತ ವಿದ್ಯಾರ್ಥಿ ಹೆಸರಿನ ಪ್ರಕಾರ ನಿಲ್ಲಲು ಒಪ್ಪಲಿಲ್ಲ. ಅಷ್ಟರಲ್ಲಿ ಗಿರಿಜಾ ಚೊಚ್ಚಲ ಹೆರಿಗೆಗೆ ಕುಷ್ಟಗಿಯ ತವರಿಗೆ ಹೋದಳು. ನಾನು ಒಂದೇ ಬೆರಳಿನಲ್ಲಿ ಟೈಪು ಮಾಡುತ್ತ, ಪಕ್ಕದ ಖಾಲಿ ಕುರ್ಚಿಗೆ ಆಗಾಗ ವಿವರಣೆ ಕೊಡುತ್ತ ದಿನ ದೂಡಿದೆ.

ಒಂದು ಭಾನುವಾರ ಬೆಳಿಗ್ಗೆ ದಾರಿ ಕಂಡಿತು. ಕೆಲಸವನ್ನು ಬಿಡಿಯಾಗಿ ಕಳಿಸಲು ಬಾರದಿದ್ದರೆ, ಆ ಒಂದು ಕೆಲಸವನ್ನಷ್ಟೇ ಬಲ್ಲ ಆಬ್ಜೆಕ್ಟನ್ನು ಮಾಡಿ ಅದನ್ನೇ ಕಳಿಸಿದರಾಯಿತು! ಅಂಕ ಹೋಲಿಸುವವನೊಬ್ಬ, ಹೆಸರು ಹೋಲಿಸುವವನೊಬ್ಬ. ಇಬ್ಬರಿಗೂ ಬೇರೆ ಆಸ್ತಿಪಾಸ್ತಿ ಇಲ್ಲ. ಜೋಡಿಸುವ ವಿಧಾನ ಮಾತ್ರ ಒಂದೇ. ಓಡಿಸಿದೆ. ವಿದ್ಯಾರ್ಥಿಗಳು ಅಂಕದಂತೆ ನಿಂತರು, ಹೆಸರಿನಂತೆ ನಿಂತರು, ಪುಸ್ತಕಗಳೂ ಸಾಲುಗಟ್ಟಿದವು. ಪ್ರಿಂಟರು ಕಿರುಗುಟ್ಟುತ್ತ ಅದನ್ನೆಲ್ಲ ಅಚ್ಚು ಹಾಕಿತು. ಆ ಕಾಗದವನ್ನು ಹಿಡಿದು ಕಾರಿಡಾರಿಗೆ ಬಂದು ನೋಡಿದರೆ ಬಿಸಿಲು ಬಿಟ್ಟು ಯಾರೂ ಇಲ್ಲ.

ಕುಷ್ಟಗಿಯ ಬಸ್ಸು ಹೋಗಿಬಿಟ್ಟಿತ್ತು. ಯಲಬುರ್ಗಾದ ಬಸ್ಸು ಹತ್ತಿ, ಅಲ್ಲಿ ಬಸ್ಸು ಬದಲಿಸಿ, ಸಂಜೆಯ ಹೊತ್ತಿಗೆ ತಲೆಯ ತುಂಬ ಧೂಳು ಹೊತ್ತು ಮಾವನ ಮನೆಯ ಬಾಗಿಲಲ್ಲಿ ನಿಂತೆ. ಬಿಸಿನೀರಿನ ಕೊಡ ಹಿಡಿದು ಹೊರಟಿದ್ದ ಅತ್ತೆ ನನ್ನನ್ನು ಕಂಡು ಹಾಗೆಯೇ ನಿಂತರು.

“ನಿಮಗ ಸುದ್ದಿ ಹೆಂಗ ಮುಟ್ಟಿತ್ರಿ? ಮಧ್ಯಾಹ್ನ ಹೆಣ್ಣು ಆಗೇತಿ. ನಾಳಿ ಪೋಸ್ಟಾಫೀಸ್ ತಗದ ಕೂಡ್ಲೇ ತಾರ ಕೊಡಬೇಕಂತ ಮಾಡಿದ್ವಿ.”

ನಾನು ತಬ್ಬಿಬ್ಬಾಗಿ ಕಾಗದವನ್ನು ಬಿಚ್ಚಿದೆ, ಮತ್ತೆ ಮಡಿಚಿದೆ. ಅದನ್ನು ಅವರು ಆನಂದವೆಂದು ತಿಳಿದರು. ಕರುಳಿನ ಸೆಳೆತವೆಂದರೆ ಹೀಗಿರಬೇಕೆಂದು ಅತ್ತೆ ನೆರೆಯವರಿಗೆ ಹೇಳುವುದು ಆಗಲೇ ಕೇಳಿಸುತ್ತಿತ್ತು. ಮಾವ ನನ್ನ ಕೈಯಲ್ಲಿದ್ದ ಉದ್ದನೆಯ ಮಡಿಕೆ ಕಾಗದವನ್ನು ನೋಡಿ, ಜಾತಕವನ್ನೂ ಬರೆಸಿಕೊಂಡು ಬಂದುಬಿಟ್ಟಿದ್ದೀರಲ್ಲ ಎಂದು ಬೆರಗಾದರು.

ಬಾಣಂತಿಯ ಕೋಣೆಯೊಳಗೆ ನನಗೆ ಪ್ರವೇಶವಿರಲಿಲ್ಲ. ಹೊಸ್ತಿಲಾಚೆ ನಿಂತೆ. ಗಿರಿಜಾ ಸೊರಗಿ ಮಲಗಿದ್ದಳು. ನನ್ನ ಮುಖ ನೋಡಿದಳು, ಕಾಗದ ನೋಡಿದಳು, ಅತ್ತೆ ಅತ್ತ ಸರಿಯುವವರೆಗೆ ಕಾದು ಮೆಲ್ಲಗೆ ಕೇಳಿದಳು:

“ಓಡಿತೇನ್ರಿ?”

ಓಡಿತು ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಮನುಷ್ಯನೆನಿಸಿಕೊಳ್ಳುತ್ತಿದ್ದೆ. ಮೂಲಪುರುಷ ಹೇಗೆ ಕೈಕೊಟ್ಟ, ಹೋಲಿಸುವವನು ಹೇಗೆ ಹೊಳೆದ, ಎಲ್ಲವನ್ನೂ ಹೊಸ್ತಿಲಲ್ಲೇ ನಿಂತು ಹೇಳಿದೆ. ಎದ್ದು ಹೋಗುವ ಸ್ಥಿತಿಯಲ್ಲಿ ಅವಳು ಹೇಗೂ ಇರಲಿಲ್ಲ. ಪೂರ್ತಿ ಕೇಳಿದಳು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ಪಕ್ಕದಲ್ಲಿದ್ದ ಬಟ್ಟೆಯ ಗಂಟನ್ನು ತುಸು ನನ್ನ ಕಡೆ ತಿರುಗಿಸಿದಳು.

“ಭಾಳ ಛಲೋ ಆತು. ಈಗ ಈಕಿನ್ನೂ ಒಂಚೂರು ನೋಡ್ರಿ.”